ಅಂಗಳದ ಕೊಳದಲ್ಲೂ ಅನ್ನವಿದೆ: ಸಂಘ-ಸಂಸ್ಥೆಗಳು ಇತ್ತಲೂ ಗಮನಿಸಲಿ

ಜುಲೈ ತಿಂಗಳು ಬಂತೆಂದರೆ ಮುಂಬಯಿ, ಠಾಣೆ, ನವಿಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಹಂಗಾಮು. ಎಸ್ಸೆಸ್ಸಿಯಲ್ಲಿ ಶೇ. 90 ದಾಟಿದವರಿಗೆ ಶಾಲು, ಸ್ಮರಣಿಕೆ, ವಿದ್ಯಾರ್ಥಿ ವೇತನದ ಲಕೋಟೆ. ವೇದಿಕೆಯ ಮೇಲಿನ ಗಣ್ಯರಿಂದ ಹಿತವಚನ. ಇವೆಲ್ಲ ಆಗಬೇಕಾದದ್ದೇ. ಆದರೆ ಅದೇ ಸಭಾಗೃಹದಲ್ಲಿ ಬೆಳಗಿನಿಂದ ಕುರ್ಚಿ ಜೋಡಿಸಿ, ಬ್ಯಾನರ್ ಕಟ್ಟಿ, ಕೆಟ್ಟ ಮೈಕಿನ ವಯರು ಸರಿಪಡಿಸಿ, ಮಧ್ಯಾಹ್ನದ ಪಂಕ್ತಿಯಲ್ಲಿ ಬಡಿಸಿ ಓಡಾಡುವ ಹುಡುಗರಿದ್ದಾರೆ. ಅವರ ಅಂಕ ಶೇ. 45, ಹೆಚ್ಚೆಂದರೆ 50. ಅವರ ಹೆಸರನ್ನು ಯಾರೂ ಕರೆಯುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ‘ಯುವ ವಿಭಾಗದ ಸಹಕಾರಕ್ಕೆ ಧನ್ಯವಾದ’ ಎಂಬ ಒಂದು ಸಾಲು ಅವರ ಪಾಲಿಗೆ.

ಹಿಂದೆ ಇಂಥ ಹುಡುಗರಿಗೆ ಹೊಟೇಲು ಇತ್ತು. ಊರಿನಿಂದ ಬಂದವನು ಹಗಲು ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಗಲ್ಲಾದ ತನಕ ಏರಬಹುದಿತ್ತು. ಇಂದು ಎಷ್ಟೋ ಹೊಟೇಲುಗಳು ಕಾಂಟ್ರಾಕ್ಟಿಗೆ ಹೋಗಿವೆ. ಕಾರ್ಖಾನೆ ಕ್ಯಾಂಟೀನುಗಳು ಗಿರಣಿಗಳೊಂದಿಗೇ ಮುಚ್ಚಿದವು. ಮಾಲೀಕರ ಮಕ್ಕಳೇ ಆ ಕಸುಬಿನಿಂದ ದೂರ ಸರಿದಿರುವಾಗ ಬೇರೆಯವರ ಮಕ್ಕಳಿಗೆ ಅಲ್ಲಿ ಏಣಿ ಎಲ್ಲಿಯದು? ಹೀಗಾಗಿ ಕೈಗೆ ಕೆಲಸ ಬರುವ, ಸ್ವಂತ ನೆಲೆ ಕೊಡುವ ಹೊಸ ಕಸುಬುಗಳನ್ನು ಹುಡುಕಿ ತೋರಿಸುವುದು ಸಂಘಗಳ ಹೊಣೆಯೇ ಆಗಿದೆ. ಅಂಥ ಕಸುಬುಗಳಲ್ಲಿ ಯಾರ ಗಮನಕ್ಕೂ ಬಾರದೆ ಉಳಿದದ್ದು, ಮನೆಯಂಗಳ, ಸೊಸೈಟಿ, ಫಾರ್ಮ್‌ಹೌಸುಗಳಲ್ಲಿ ಚಿಕ್ಕ ಕೊಳಗಳನ್ನು ಕಟ್ಟುವ, ಹಳೆಯವನ್ನು ದುರಸ್ತಿ ಮಾಡುವ ಕೆಲಸ.

ಹೆಸರಲ್ಲಿ ತಲಾವ್, ನೆಲದಲ್ಲಿ ನೀರಿಲ್ಲ

ಕೊಳ ಎಂದೊಡನೆ ಶ್ರೀಮಂತರ ಶೋಕಿ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಮುಂಬಯಿ ಒಂದು ಕಾಲಕ್ಕೆ ಕೆರೆ-ಬಾವಿಗಳ ಊರೇ ಆಗಿತ್ತು. ಧೋಬಿ ತಲಾವ್, ಗೊವಾಲಿಯಾ ಟ್ಯಾಂಕ್, ಸಿ. ಪಿ. ಟ್ಯಾಂಕ್ ಎಂಬ ಹೆಸರುಗಳು ಇಂದಿಗೂ ಬಸ್ಸಿನ ಫಲಕದಲ್ಲೂ ಜನರ ಬಾಯಲ್ಲೂ ಇವೆ, ಕೆರೆಗಳು ಮಾತ್ರ ಇಲ್ಲ. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಕರೆ ಮೊಳಗಿದ ಗೊವಾಲಿಯಾ ಟ್ಯಾಂಕ್ ಮೈದಾನವೂ ಹೆಸರಿನಲ್ಲಷ್ಟೇ ಕೆರೆ. ವಾಲ್ಕೇಶ್ವರದ ಬಾಣಗಂಗಾ, ಠಾಣೆಯ ಮಾಸುಂದಾ ತಲಾವ್ ಉಳಿದುಕೊಂಡ ಅಪರೂಪದವು.

ಕೆರೆ-ಬಾವಿಗಳನ್ನು ಮುಚ್ಚಲು ಜಾಗದ ಆಸೆಯೊಂದೇ ಕಾರಣವಲ್ಲ. ಮುಂಬಯಿಯ ಮಲೇರಿಯಾ ಕುರಿತು ಡಾ. ಸಿ. ಎ. ಬೆಂಟ್ಲಿ 1911ರಲ್ಲಿ ಸಲ್ಲಿಸಿದ ವರದಿ, ನಗರದ ಬಾವಿಗಳೇ ಸೊಳ್ಳೆಯ ತವರು ಎಂದು ತೋರಿಸಿಕೊಟ್ಟಿತು. ನಂತರದ ವರ್ಷಗಳಲ್ಲಿ ಬಾವಿಗಳ ಬಾಯಿ ಮುಚ್ಚಿಸುವ, ಹೂಳಿಸುವ ಕೆಲಸ ನಡೆಯಿತು. ನೋಡಿಕೊಳ್ಳುವವರಿಲ್ಲದ ನೀರು ರೋಗವಾಗುತ್ತದೆ ಎಂಬ ಪಾಠ ಅದು. ಈ ಕಸುಬಿಗೆ ಇಳಿಯುವವರು ಮೊದಲು ಕಲಿಯಬೇಕಾದದ್ದೂ ಇದೇ ಪಾಠ. ಗುಂಡಿ ತೋಡಿ ನೀರು ತುಂಬಿಸಲು ಯಾರಾದರೂ ಬಲ್ಲರು. ಅದನ್ನು ವರ್ಷಪೂರ್ತಿ ಜೀವಂತವಾಗಿಡುವುದೇ ವಿದ್ಯೆ, ಅದಕ್ಕೇ ಹಣ.

ನೀರಿನ ಜತೆಗಿನ ಬಾಳು ಕನ್ನಡಿಗರಿಗೆ ಹೊಸದೂ ಅಲ್ಲ. ಉಡುಪಿಯ ಮಧ್ವ ಸರೋವರ, ಕಾರ್ಕಳದ ಆನೆಕೆರೆ, ತುಳುನಾಡಿನ ಗುಡ್ಡಗಳ ಮಡಿಲಿನ ಮದಕಗಳನ್ನು ಕಂಡು ಬೆಳೆದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿದ್ದಾರೆ. ಮಂಗಳೂರಿನ ಮುರಕಲ್ಲು, ರತ್ನಾಗಿರಿಯ ‘ಜಾಂಭಾ’ ಎರಡೂ ಒಂದೇ ಕಲ್ಲು. ಅದನ್ನು ಕೊಳದ ದಡಕ್ಕೆ ಹೇಗೆ ಕೂರಿಸಬೇಕೆಂದು ಊರಿನ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ.

ಹೊಸತಕ್ಕಿಂತ ಮೊದಲು ಹಳೆಯದು

ಕೆಲಸ ಎಲ್ಲಿದೆ ಎಂದು ಕೇಳುವವರು ತಮ್ಮ ಸುತ್ತಲಿನ ಸೊಸೈಟಿಗಳ ಗೇಟಿನೊಳಗೆ ಒಮ್ಮೆ ಇಣುಕಿದರೆ ಸಾಕು. ಫ್ಲ್ಯಾಟ್ ಮಾರುವಾಗ ಬಿಲ್ಡರ್ ಕಟ್ಟಿಸಿದ ಕಾರಂಜಿ ಕಟ್ಟಡ ಹಸ್ತಾಂತರವಾದ ಎರಡೇ ವರ್ಷಕ್ಕೆ ನಿಂತಿರುತ್ತದೆ. ಪಂಪು ಸುಟ್ಟಿದೆ, ಟೈಲ್ಸ್ ಎದ್ದಿದೆ, ತಳದಲ್ಲಿ ಪ್ಲಾಸ್ಟಿಕ್ ಬಾಟ್ಲಿ, ಮಳೆಗಾಲದಲ್ಲಿ ಸೊಳ್ಳೆ. ಮಹಾಸಭೆಯಲ್ಲಿ ಪ್ರತಿ ವರ್ಷ ಅದರ ಬಗ್ಗೆ ಜಗಳ. ಕೊನೆಗೆ ಮಣ್ಣು ತುಂಬಿಸಿ ಕ್ರೋಟನ್ ಗಿಡ ನೆಡುತ್ತಾರೆ. ಕರ್ಜತ್, ಬದ್ಲಾಪುರ, ಪನ್ವೇಲ್, ಲೋಣಾವಳ, ಮುಳ್ಶಿ ಕಡೆಯ ಫಾರ್ಮ್‌ಹೌಸುಗಳಲ್ಲೂ ಹಸಿರು ಪಾಯಸದಂತಾದ ಕೊಳಗಳಿವೆ. ಮಾಲಿಗೆ ಗಿಡ ಗೊತ್ತು, ನೀರು ಗೊತ್ತಿಲ್ಲ. ಪ್ಲಂಬರನಿಗೆ ಪೈಪು ಗೊತ್ತು, ಮೀನು ಗೊತ್ತಿಲ್ಲ. ಈ ಇಬ್ಬರ ನಡುವಿನ ತೆರವೇ ಹೊಸಬನ ಜಾಗ.

ದುರಸ್ತಿಯಿಂದ ಆರಂಭಿಸುವುದರಲ್ಲಿ ಇನ್ನೊಂದು ಲಾಭವಿದೆ. ಬಂಡವಾಳ ಕಡಿಮೆ, ಕಲಿಯುವುದು ಹೆಚ್ಚು. ಕೊಳ ಸೋರುತ್ತಿದೆ ಎಂದು ಕರೆ ಬಂದರೆ ತಿಳಿದವನು ತಕ್ಷಣ ಒಡೆಯಲು ಹೊರಡುವುದಿಲ್ಲ. ಒಂದು ಬಕೆಟಿಗೆ ನೀರು ತುಂಬಿಸಿ ಕೊಳದ ಮೆಟ್ಟಿಲ ಮೇಲಿಟ್ಟು, ಎರಡರ ಮಟ್ಟವನ್ನೂ ಗುರುತು ಮಾಡಿ ಎರಡು ದಿನ ಬಿಡುತ್ತಾನೆ. ಎರಡೂ ಸಮನಾಗಿ ಇಳಿದರೆ ಅದು ಬಿಸಿಲಿಗೆ ಆರಿದ ನೀರು. ಕೊಳ ಮಾತ್ರ ಹೆಚ್ಚು ಇಳಿದರೆ ಸೋರಿಕೆ. ಪಂಪು ನಿಲ್ಲಿಸಿದಾಗ ಇಳಿಯುವುದು ನಿಂತರೆ ದೋಷ ತಳದಲ್ಲಿಲ್ಲ, ಪೈಪಿನಲ್ಲೋ ಜಲಪಾತದ ಅಂಚಿನಲ್ಲೋ ಇದೆ. ಇಷ್ಟು ತಿಳಿವಳಿಕೆ ಗಿರಾಕಿಯ ದುಡ್ಡು ಉಳಿಸುತ್ತದೆ, ಕೆಲಸದವನಿಗೆ ನಂಬಿಕೆ ಗಳಿಸಿಕೊಡುತ್ತದೆ.

ಲೆಕ್ಕ ಬಲ್ಲವನಿಗೆ ನಷ್ಟವಿಲ್ಲ

ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಆಳದ ಕೊಳವೆಂದಿಟ್ಟುಕೊಳ್ಳೋಣ. ಅದರ ನೀರು 120 ಘನ ಅಡಿ, ಅಂದರೆ ಸುಮಾರು 3,400 ಲೀಟರ್. ತಳಕ್ಕೆ ಹಾಸುವ ಶೀಟಿನ ಅಳತೆಗೆ ಉದ್ದಕ್ಕೂ ಅಗಲಕ್ಕೂ ಆಳದ ಎರಡರಷ್ಟು ಸೇರಿಸಿ, ಅಂಚಿಗೆ ಎರಡೂ ಬದಿ ಒಂದೊಂದು ಅಡಿ ಬಿಡಬೇಕು. ಆಗ 16 ಅಡಿ ಉದ್ದ, 12 ಅಡಿ ಅಗಲದ ಶೀಟು, ಒಟ್ಟು 192 ಚದರ ಅಡಿ. ಕೃಷಿ ಹೊಂಡಗಳಿಗೆ ಹಾಸುವ 500 ಮೈಕ್ರಾನ್ ಶೀಟು ಅಗ್ಗ, ಆದರೆ ಬಿರುಸು. ರಬ್ಬರ್ ಶೀಟು ದುಬಾರಿ, ಆದರೆ ತಿರುವುಗಳಿಗೆ ಒಗ್ಗುತ್ತದೆ, ಬಾಳಿಕೆಯೂ ಹೆಚ್ಚು. ಎರಡರ ಕೆಳಗೂ ಮರಳೋ ದಪ್ಪ ಬಟ್ಟೆಯೋ ಇಲ್ಲದಿದ್ದರೆ ಒಂದು ಚೂಪು ಕಲ್ಲು ಇಡೀ ಕೆಲಸವನ್ನು ಕೆಡಿಸೀತು.

ಎರಡು ಗಂಟೆಗೊಮ್ಮೆಯಾದರೂ ಕೊಳದ ಅಷ್ಟೂ ನೀರು ಫಿಲ್ಟರಿನ ಮೂಲಕ ಹಾದುಬರಬೇಕು. ಅದಕ್ಕೆ 50 ವ್ಯಾಟಿನ ಪಂಪು ಸಾಕು. ಹಗಲಿರುಳು ಓಡಿದರೂ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ಈ ಲೆಕ್ಕವನ್ನು ಮೊದಲೇ ಬರೆದುಕೊಟ್ಟರೆ ವಿದ್ಯುತ್ ಬಿಲ್ಲಿನ ಹೆದರಿಕೆಯಿಂದ ಪಂಪು ನಿಲ್ಲಿಸುವ ಪ್ರಸಂಗ ಬಾರದು. ಎಷ್ಟೋ ಕೊಳಗಳು ಸತ್ತಿರುವುದು ರಾತ್ರಿ ಪಂಪು ಆರಿಸುವ ಉಳಿತಾಯದಿಂದಲೇ. ಹಸಿರು ಗಿಡಗಳೂ ರಾತ್ರಿ ಆಮ್ಲಜನಕ ಬಳಸುತ್ತವೆ. ಬೆಳಗಿನ ಜಾವಕ್ಕೆ ಮೀನುಗಳು ಬಾಯಿ ತೆರೆದು ಮೇಲೆ ಬರುವುದು ಅದಕ್ಕೇ.

ಹೊಸಬರು ಎಡವುವುದು ಆತುರದಲ್ಲಿ. ನಗರಪಾಲಿಕೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಹೊಸ ಸಿಮೆಂಟು ಸುಣ್ಣ ಬಿಡುತ್ತದೆ. ಸಿಮೆಂಟಿನ ಕೊಳವನ್ನು ಹಲವು ಬಾರಿ ತುಂಬಿಸಿ ಖಾಲಿ ಮಾಡಬೇಕು. ಮೀನಿನ ಮಲದಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಗೃಹಪ್ರವೇಶದ ದಿನವೇ ಐವತ್ತು ಮೀನು ಬಿಡಬೇಕೆಂಬ ಗಿರಾಕಿಗೆ ‘ಐದು ಬಿಡೋಣ, ಉಳಿದದ್ದು ಮುಂದಿನ ತಿಂಗಳು’ ಎನ್ನುವ ಧೈರ್ಯ ಬೇಕು. ನೀರು ಹಸಿರಾದರೆ ಔಷಧ ಸುರಿಯುವ ಮೊದಲು ಮೀನಿನ ಆಹಾರ ಕಡಿಮೆ ಮಾಡಿ, ಅರ್ಧ ನೀರಿಗಾದರೂ ನೈದಿಲೆಯ ಎಲೆಯ ನೆರಳು ಮಾಡಬೇಕು. ನೈದಿಲೆಗೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು, ಕುಂಡದಲ್ಲಿ ಜೇಡಿಮಣ್ಣು ಸಾಕು. ಹಸಿಗೊಬ್ಬರ ಹಾಕಿದರೆ ನೀರು ಕೊಳೆಯುತ್ತದೆ. ದಡದ ತೇವದಲ್ಲಿ ಬಜೆ, ಒಂದೆಲಗ, ಕೆಸು ಸೊಗಸಾಗಿ ಬರುತ್ತವೆ. ಬಾಲ್ಕನಿಯಲ್ಲಿ ಕೆಸು ಬೆಳೆಯಲು ಪರದಾಡುವ ಅಕ್ಕಂದಿರಿಗೆ ಪತ್ರೊಡೆಯ ಎಲೆ, ತಂಬುಳಿಯ ತಿಮರೆ ಅಂಗಳದಲ್ಲೇ ಸಿಕ್ಕೀತು.

ಸೊಳ್ಳೆಯ ಪ್ರಶ್ನೆ, ನೀರಿನ ಪ್ರಶ್ನೆ

ಡೆಂಗ್ಯೂ ಕಾಲದಲ್ಲಿ ಕೊಳ ಕಟ್ಟುವ ಮಾತೇ ಎಂಬ ಆಕ್ಷೇಪ ನ್ಯಾಯವಾದದ್ದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರೇ ಬೇಕು. ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಮುಂಬಯಿ ಮಹಾನಗರಪಾಲಿಕೆಯ ಕೀಟನಾಶಕ ವಿಭಾಗದವರು ಬಂದು ಮರಿ ಕಂಡರೆ ನೋಟಿಸು ಕೊಡುತ್ತಾರೆ, ಕೊಡಬೇಕಾದದ್ದೇ. ಆದರೆ ಅಲುಗಾಡುವ ನೀರು, ಅದರಲ್ಲಿ ಮರಿ ತಿನ್ನುವ ಮೀನು ಇರುವ ಕೊಳ ಸೊಳ್ಳೆಗೆ ಬಲೆಯೇ ಹೊರತು ತವರಲ್ಲ. ಅಪಾಯ ಇರುವುದು ತಾರಸಿಯ ಟಯರು, ಕುಂಡದ ತಟ್ಟೆ, ಮುಚ್ಚಳವಿಲ್ಲದ ಡ್ರಮ್ಮು, ನಿಂತುಹೋದ ಕಾರಂಜಿಗಳಲ್ಲಿ.

ಇಲ್ಲೂ ಒಂದು ಎಚ್ಚರ ಬೇಕು. ಸೊಳ್ಳೆ ತಿನ್ನಲು ತಂದ ಗ್ಯಾಂಬೂಸಿಯಾ ಮೀನು ಇಂದು ಜಗತ್ತಿನ 100 ಅತಿ ಹಾನಿಕಾರಕ ಅನ್ಯಜೀವಿಗಳ ಪಟ್ಟಿಯಲ್ಲಿದೆ. ಅದು ಹಳ್ಳಕೊಳ್ಳ ಸೇರಿದರೆ ಸ್ಥಳೀಯ ಮೀನುಗಳಿಗೆ ಕುತ್ತು. ನೀರಿನ ಮೇಲ್ಪದರದಲ್ಲೇ ಓಡಾಡುವ ಪಟ್ಟೆಯ ಪ್ಯಾಂಚಾಕ್ಸ್‌ನಂಥ ಈ ನೆಲದ ಮೀನುಗಳೇ ಆ ಕೆಲಸ ಮಾಡುತ್ತವೆ. ಅದೇ ರೀತಿ, ನೇರಳೆ ಹೂವಿಗೆ ಮರುಳಾಗಿ ವಾಟರ್ ಹಯಸಿಂತ್ ತರಬಾರದು. ಪೊವಾಯಿ ಕೆರೆಯನ್ನು ಕಂಡವರಿಗೆ ಅದರ ಹಾವಳಿ ವಿವರಿಸಬೇಕಿಲ್ಲ.

ಕುಡಿಯಲು ನೀರಿಲ್ಲದಾಗ ಕೊಳವೇಕೆ ಎಂಬುದು ಎರಡನೆಯ ಆಕ್ಷೇಪ. 2019ರ ಬೇಸಗೆಯಲ್ಲಿ ಚೆನ್ನೈಯ ಕೆರೆಗಳು ಬತ್ತಿದ್ದನ್ನು ಅಲ್ಲಿನ ಕನ್ನಡಿಗರು ಮರೆತಿರಲಾರರು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಮೇಲೆ ಹೇಳಿದ ಕೊಳದಿಂದ ಕಡುಬೇಸಗೆಯಲ್ಲಿ ದಿನಕ್ಕೆ ಆರುವ ನೀರು ಎರಡು-ಮೂರು ಬಕೆಟ್. ಅಷ್ಟೇ ಜಾಗದ ಹುಲ್ಲುಹಾಸಿಗೆ ಹಾಕುವ ನೀರಿಗಿಂತ ಹೆಚ್ಚೇನಲ್ಲ. ಮೊದಲ ಸಲ ತುಂಬಿಸಲು ನಲ್ಲಿಯೂ ಬೇಡ. 40 ಚದರ ಮೀಟರ್ ಮಾಡಿನ ಮೇಲೆ 85 ಮಿಲಿಮೀಟರ್ ಮಳೆ ಬಿದ್ದರೆ 3,400 ಲೀಟರ್ ಆಯಿತು. ಮುಂಬಯಿಯ ಜುಲೈಯಲ್ಲಿ ಅದು ಒಂದೇ ದಿನದ ಮಾತು. ಕೊಳದಿಂದ ತೆಗೆದ ಹಳೆ ನೀರು ಗಿಡಗಳಿಗೆ ಗೊಬ್ಬರ. ಟ್ಯಾಂಕರ್ ತರಿಸಿ ಕೊಳ ತುಂಬಿಸುವ ಗಿರಾಕಿಗೆ ಮಾತ್ರ ಮಳೆಗಾಲದ ತನಕ ಕಾಯಲು ಹೇಳುವುದೇ ಲೇಸು.

‘ಆಗದು’ ಎನ್ನಲೂ ಕಲಿಯಬೇಕು

ಈ ಕಸುಬಿನಲ್ಲಿ ಒಳ್ಳೆಯ ಹೆಸರು ಬರುವುದು ಕಟ್ಟಿದ ಕೊಳದಿಂದಷ್ಟೇ ಅಲ್ಲ, ಕಟ್ಟಲು ಒಪ್ಪದ ಕೊಳದಿಂದಲೂ. ತಾರಸಿಯ ಮೇಲೆ ಕೊಳ ಬೇಕೆನ್ನುವವರು ಬಹಳ. ಒಂದು ಅಡಿ ಆಳದ ನೀರು ಪ್ರತಿ ಚದರ ಮೀಟರಿಗೆ ಸುಮಾರು 300 ಕಿಲೊ ಭಾರ ಹಾಕುತ್ತದೆ. ಮನೆಯ ಸ್ಲ್ಯಾಬುಗಳಿಗೆ ಮೇಲಿನ ಬಳಕೆಯ ಭಾರವೆಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು 200 ಕಿಲೊ ಮಾತ್ರ. ಸ್ಟ್ರಕ್ಚರಲ್ ಇಂಜಿನಿಯರರ ಲಿಖಿತ ಒಪ್ಪಿಗೆ ಇಲ್ಲದೆ ಹಳೆಯ ಕಟ್ಟಡದ ತಾರಸಿಗೆ ಕೈಹಾಕುವವನು ಹಣಕ್ಕಾಗಿ ಹತ್ತು ಮನೆಗಳ ಜೀವವನ್ನು ಪಣಕ್ಕಿಡುತ್ತಾನೆ. ಅಲ್ಲಿಗೆ ಎರಡು ತಾವರೆ ತೊಟ್ಟಿ ಸಾಕೆಂದು ಹೇಳಿ ಬರಬೇಕು.

ಪುಟ್ಟ ಮಕ್ಕಳಿರುವ ಮನೆಯಲ್ಲಿ ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಗಟ್ಟಿ ಜಾಲರಿ, ಸುತ್ತ ಬೇಲಿ ಇಲ್ಲದೆ ಕೆಲಸ ಒಪ್ಪಬಾರದು. ಮಗು ಮುಳುಗಲು ಒಂದು ಅಡಿ ನೀರೂ ಬೇಕಾಗಿಲ್ಲ. ನೀರಿನೊಳಗಿನ ಪಂಪಿಗೆ ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಬ್ರೇಕರ್ ಕಡ್ಡಾಯವಾಗಲಿ. ಆಮೆ ಬಿಟ್ಟುಕೊಡಿ ಎನ್ನುವವರಿಗೆ, ಈ ದೇಶದ ಆಮೆ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ ಎಂದು ತಿಳಿಸಬೇಕು.

ಊರಿಂದೂರಿಗೆ ಪದ್ಧತಿಯೂ ಬದಲಾಗುತ್ತದೆ. ಕೊಂಕಣ ಪಟ್ಟಿಯಲ್ಲಿ ಮಳೆಗಾಲಕ್ಕೆ ನೆಲದ ಒರತೆ ಮೇಲೆ ಬಂದು ಶೀಟನ್ನೇ ಎತ್ತಿಬಿಡುತ್ತದೆ, ಬಸಿಗಾಲುವೆ ಬೇಕು. ಹೈದರಾಬಾದಿನ ಕರಿಬಂಡೆಯಲ್ಲಿ ಅಗೆಯುವ ಬದಲು ನೆಲದ ಮೇಲೆ ಕಟ್ಟೆ ಕಟ್ಟುವುದು ಅಗ್ಗ. ದೆಹಲಿಯ ಚಳಿಗೆ ಮೀನು ಮಂಕಾಗುತ್ತದೆ, ಆಗ ಆಹಾರ ಹಾಕಿದರೆ ಅದೇ ವಿಷ. ಇಂಥ ತಿಳಿವಳಿಕೆಯನ್ನು ಬೇರೆ ಬೇರೆ ನಗರಗಳ ಕನ್ನಡ ಸಂಘಗಳು ಪರಸ್ಪರ ಹಂಚಿಕೊಂಡರೆ ಹುಡುಗರಿಗೆ ಆಸರೆಯಾದೀತು.

ಸಂಘಗಳಿಂದ ಆಗಬೇಕಾದದ್ದು

ಕೊಳ ಕಟ್ಟಿದ ದಿನದ ಸಂಪಾದನೆ ಒಂದು ಸಲದ್ದು. ನಿಲ್ಲುವ ಸಂಪಾದನೆ ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿದೆ. ತಿಂಗಳಿಗೆ ಎರಡು ಭೇಟಿಗೆ ಒಂದು ಕೊಳದಿಂದ 1,500 ರೂಪಾಯಿ ಎಂದಿಟ್ಟುಕೊಂಡರೂ ಇಪ್ಪತ್ತು ಕೊಳಗಳಿಂದ 30,000 ಆಗುತ್ತದೆ. ಓಡಾಟ, ಸಾಮಾನು, ಸಹಾಯಕನ ಸಂಬಳ ಕಳೆದು ಉಳಿಯುವುದು ಆರಂಭದಲ್ಲಿ ಹೆಚ್ಚಿರದು. ಆದರೆ ಅದು ತಿಂಗಳು ತಿಂಗಳು ಬರುವ ದುಡ್ಡು, ಯಜಮಾನನಿಲ್ಲದ ದುಡ್ಡು. ಮಳೆಗಾಲದಲ್ಲಿ ಅಗೆತ ನಿಲ್ಲುತ್ತದೆ, ಆಗ ಕೈಹಿಡಿಯುವುದು ಈ ಒಪ್ಪಂದಗಳೇ. ಇಷ್ಟನ್ನು ಮೊದಲೇ ತಿಳಿಸದೆ ಹುಡುಗರಿಗೆ ಲಕ್ಷದ ಕನಸು ತೋರಿಸುವುದು ಮೋಸ.

ಸಂಘಗಳಿಂದ ದೊಡ್ಡ ನಿಧಿಯೇನೂ ಬೇಕಾಗಿಲ್ಲ. ಸ್ವಂತ ಕಟ್ಟಡ, ಅಂಗಳ ಇರುವ ಸಂಘಗಳು ತಮ್ಮ ಆವರಣದಲ್ಲೇ ಒಂದು ಕೊಳವನ್ನು ಈ ಹುಡುಗರಿಂದ ಕಟ್ಟಿಸಲಿ. ಬಲ್ಲ ಮೇಸ್ತ್ರಿ, ಎಲೆಕ್ಟ್ರಿಷಿಯನ್, ಮೀನುಗಾರಿಕೆ ತಿಳಿದ ಹಿರಿಯರು ಸಮಾಜದಲ್ಲೇ ಇದ್ದಾರೆ. ನಾಲ್ಕು ಭಾನುವಾರ ಅವರನ್ನು ಕರೆಸಿದರೆ ಅದೇ ಶಿಬಿರ. ಹೊಟೇಲು, ಸಭಾಗೃಹಗಳ ಮಾಲೀಕರು ತಮ್ಮ ಅಂಗಳದ ಕೆಟ್ಟ ಕಾರಂಜಿಯನ್ನು ಮೊದಲ ಕೆಲಸವಾಗಿ ಕೊಡಲಿ, ಧರ್ಮಕ್ಕಲ್ಲ, ದರ ನಿಗದಿ ಮಾಡಿ, ತಪ್ಪಿದರೆ ಪ್ರಶ್ನಿಸಿ. 1978ರಲ್ಲಿ ಬಿಲ್ಲವರ ಅಸೋಸಿಯೇಶನ್ ಭಾರತ್ ಬ್ಯಾಂಕನ್ನು ಹುಟ್ಟುಹಾಕಿದ ಪರಂಪರೆ ಇರುವ ನಗರ ಇದು. ಪಂಪು, ಸಲಕರಣೆ, ಹಳೆಯ ಟೆಂಪೊಗೆ ಬೇಕಾದ ಸಣ್ಣ ಸಾಲಕ್ಕೆ ದಾರಿ ತೋರಿಸುವುದು ಸಮಾಜದ ಸಹಕಾರಿ ಸಂಸ್ಥೆಗಳಿಗೆ ಭಾರವಾಗದು. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿ ತನಕ ಸಾಲವಿದೆ. ಉದ್ಯಮ್ ನೋಂದಣಿ 2020ರಿಂದ ಉಚಿತವಾಗಿ ನಡೆಯುತ್ತಿದೆ. ಈ ಅರ್ಜಿಗಳನ್ನು ತುಂಬಿಕೊಡಲು ಸಂಘದ ಕಚೇರಿಯ ಒಂದು ಮೇಜು, ನಿವೃತ್ತ ಬ್ಯಾಂಕ್ ನೌಕರರೊಬ್ಬರ ಒಂದು ಸಂಜೆ ಸಾಕು.

ಇಷ್ಟಕ್ಕೂ ಅಡ್ಡ ಬರುವುದು ಹಣವಲ್ಲ, ಮರ್ಯಾದೆಯ ಮಾತು. ‘ಮಣ್ಣು ಹೊರಲು ಮುಂಬಯಿಗೆ ಬರಬೇಕಿತ್ತೆ’ ಎಂದು ಮನೆಯವರೇ ಹಂಗಿಸುತ್ತಾರೆ. ತಂದೆ ಮೇಜು ಒರೆಸಿ ಸಾಕಿದ ಮಗ, ಗುದ್ದಲಿ ಹಿಡಿದರೆ ಮದುವೆಗೆ ಹೆಣ್ಣು ಸಿಗದೆಂಬ ಚಿಂತೆ ತಾಯಿಗೆ. ಇದೇ ಹುಡುಗ ಮಾಲ್‌ನ ಬಾಗಿಲಲ್ಲಿ ಸಮವಸ್ತ್ರ ತೊಟ್ಟು ಹನ್ನೆರಡು ಗಂಟೆ ನಿಂತರೆ ಅದು ನೌಕರಿ, ಬೈಕಿನಲ್ಲಿ ಪೊಟ್ಟಣ ಹೊತ್ತು ಓಡಿದರೆ ಅದೂ ನೌಕರಿ. ತಾನೇ ಅಳೆದು, ತಾನೇ ಕಟ್ಟಿ, ತಾನೇ ಬಿಲ್ಲು ಬರೆಯುವ ಕೆಲಸ ಮಾತ್ರ ಕೀಳೆಂಬ ಈ ಲೆಕ್ಕ ತಪ್ಪು. ಕಪ್ಪು-ಬಸಿ ತೊಳೆದವರನ್ನೇ ಸಮಾಜದ ಹಿರಿಯರೆಂದು ವೇದಿಕೆಗೆ ಕರೆದು ಸನ್ಮಾನಿಸುವ ಸಂಘಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಹುಡುಗರೂ ಕೊಳ ಕಟ್ಟಬೇಕೆಂದಲ್ಲ. ಒಬ್ಬನಿಗೆ ಸೌರ ಫಲಕ, ಇನ್ನೊಬ್ಬನಿಗೆ ಲಿಫ್ಟಿನ ದುರಸ್ತಿ ಒಗ್ಗಬಹುದು. ಶೇ. 45ರ ಅಂಕಪಟ್ಟಿಯನ್ನೂ ಒಮ್ಮೆ ಕೈಗೆತ್ತಿಕೊಂಡು ‘ನಿನ್ನ ಕೈಗೆ ಏನು ಬರುತ್ತದೆ’ ಎಂದು ಕೇಳುವ ಉಪಸಮಿತಿಯೊಂದು ಪ್ರತಿ ಸಂಘದಲ್ಲೂ ಬೇಕು. ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ, ಸನ್ಮಾನ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳ ನಡುವೆ, ಕಸುಬು ಕಲಿಕೆಗೆಂದು ಒಂದು ವಿಷಯ ಸೇರಲಿ. ಜನವರಿಯಿಂದ ಮೇ ತನಕ ಅಗೆಯಲು ಒಳ್ಳೆಯ ಕಾಲ. ಆ ಹೊತ್ತಿಗೆ ಒಂದೊಂದು ಸಂಘ ಇಬ್ಬರು ಹುಡುಗರನ್ನು ಸಿದ್ಧಗೊಳಿಸಿದರೂ ಮುಂದಿನ ಮಳೆಗೆ ಕೆಲವು ಕೊಳಗಳು ತುಂಬಿಯಾವು, ಅವುಗಳ ಜತೆಗೆ ಕೆಲವು ಮನೆಗಳ ಅಕ್ಕಿ ಡಬ್ಬಿಯೂ.